ಜಾರೋದು ಸರಿ, ಕುಯ್ತದಾ?

ನನ್ನ ಜಗಳಗಂಟ ಮಾವನಿಗೆ,

ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಎಕ್ಸ್‌ರೇ ಕವರಿನ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಒಳಗೆ ನಿಮ್ಮ ಮಗನ ಬಲಗೈಯ ಕಟ್ಟು ಬಿಚ್ಚುತ್ತಿದ್ದಾರೆ. ಬೆರಳು ಆಡುತ್ತವೋ ಇಲ್ಲವೋ ಇವತ್ತು ಗೊತ್ತಾಗುತ್ತದೆ. ನರ್ಸಮ್ಮ ನನ್ನನ್ನು ಒಳಗೆ ಬಿಡಲಿಲ್ಲ. "ನಿಮ್ ಮಕ ನೋಡುದ್ರೆ ಅವ್ರು ಇನ್ನೂ ಎದ್ರುಕೊತಾರೆ, ಆಚೆ ಕೂತ್ಕಳಿ" ಅಂದಳು. ನನ್ನ ಮುಖ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ! ಸುಮ್ಮನೆ ಕೂತರೆ ತಲೆ ಕೆಟ್ಟುಹೋಗುತ್ತದೆ. ಅದಕ್ಕೇ ನಿಮ್ಮ ತಲೆ ತಿನ್ನೋಣ ಅಂತ.

ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದ ಹೊಸದು. ಅರಕಲಗೂಡು ರಸ್ತೆಯ ನಿಮ್ಮ ಚಾಕು ಮಾಡುವ ಅಂಗಡಿಗೆ ಬುತ್ತಿ ತಂದಿದ್ದೆ. ಈರುಳ್ಳಿ ಹೆಚ್ಚೋಕೆ ಚಾಕು ಕೇಳಿ ಕೈಚಾಚಿದರೆ, ನೀವು ಅದನ್ನು ಮಡಚಿ ಹಲಗೆಯ ಮೇಲಿಟ್ಟು ಆ ಕಡೆ ತಿರುಗಿಕೊಂಡಿರಿ. ನನಗೆ ಅವಮಾನವಾಯಿತು. "ಕೈಯಿಂದ ಕೈಗೆ ಚಾಕು ಕೊಟ್ರೆ ಜಗಳ ಆಯ್ತದೆ ಕಣವ್ವ" ಅಂದಿರಿ ಆಮೇಲೆ. ಅಷ್ಟು ವರ್ಷ ಹಲಗೆಯ ಮೇಲೇ ಇಟ್ಟಿರಿ, ನಾನು ಹಲಗೆಯಿಂದಲೇ ಎತ್ತಿಕೊಂಡೆ. ಆದರೂ ನಾವಿಬ್ಬರೂ ಜಗಳವಾಡದ ದಿನ ಇತ್ತೇ? ಮಗ ಹಸು ಕಟ್ಟಿಕೊಂಡು ಹೋದ, ಸೊಸೆ ಸಾಣೆಕಲ್ಲಿನ ಮುಂದೆ ಕೂತಳು ಅಂತ ಬೀದಿಯೆಲ್ಲ ನಕ್ಕಿತು. ನೀವು ಮಾತ್ರ ನಗಲಿಲ್ಲ. ಬೈದು ಬೈದೇ ಕಲಿಸಿದಿರಿ.

ಚನ್ನರಾಯಪಟ್ಟಣದ ತೆಂಗಿನಕಾಯಿ ಲಾರಿಯ ಡ್ರೈವರ್ ಒಬ್ಬ ನಿಮ್ಮ ಮಡಚುವ ಚಾಕನ್ನು ವಾಪಸ್ ತಂದಿದ್ದ. "ಬಿಚ್ಚಕ್ಕೇ ಆಗಲ್ಲ ಸಾ, ಉಗುರೇ ಕಿತ್ತೋಯ್ತು." ನಿಮ್ಮ ಚಾಕಿನ ಕೀಲು ಹಾಗೇ, ಅಷ್ಟು ಬಿಗಿ. ಎರಡೂ ಕೈ ಹಾಕಿ ಎಳೆಯಬೇಕು. ನೀವು ಅವನಿಗೆ ಸೊಪ್ಪೇ ಹಾಕಲಿಲ್ಲ. "ಸಡ್ಲ ಕೀಲು ಬೆರಳು ತಿಂತದೆ ಕಣಪ್ಪ. ಚಾಕು ಮಡಿಕ್ಕಳದು ಬಿಚ್ಚಕ್ಕಲ್ಲ, ಕುಯ್ಯಕ್ಕೆ" ಅಂದು ಕಳಿಸಿಬಿಟ್ಟಿರಿ. ನನಗೆ ಮೈಯೆಲ್ಲ ಉರಿಯಿತು. ಒಂದು ಕೈಯಲ್ಲಿ ಹಗ್ಗ ಹಿಡಿದವನು ಎರಡು ಕೈ ಎಲ್ಲಿಂದ ತರಬೇಕು ಮಾವ?

ಆ ಸಿಟ್ಟಿನಲ್ಲೇ ನಾನು ನನ್ನದೊಂದು ಮಾಡಿದೆ. ಕೀಲಿಗೆ ಹಿತ್ತಾಳೆಯ ವಾಷರ್, ತೆರೆದ ಅಲಗು ಹಿಂದಕ್ಕೆ ಬೀಳದ ಹಾಗೆ ಒಳಗೊಂದು ಪಟ್ಟಿ. ಗಟ್ಟಿ ಕೆಲಸಕ್ಕೆ ಅಂತ ಅಲಗನ್ನು ದಪ್ಪ ಬಿಟ್ಟೆ, ಕೊಯ್ಯುವ ಬಾಯಿಯನ್ನು ಕನ್ನಡಿಯ ಹಾಗೆ ನುಣ್ಣಗೆ ಉಜ್ಜಿದೆ. ಹೆಬ್ಬೆರಳು ತಾಗಿಸಿದರೆ ಸಾಕು, ಜಾರಿಕೊಂಡು ಟಕ್ ಅಂತ ತೆರೆಯುತ್ತಿತ್ತು. ನೀವೋ, ಸಾಣೆಯೆಲ್ಲ ಮುಗಿದಮೇಲೂ ಒರಟು ಕಲ್ಲಿನ ಮೇಲೆ ಮೂರು ಸಲ ಎಳೆಯುತ್ತಿದ್ದಿರಿ. "ಬಾಯಿ ತರಿತರಿಯಾಗಿರ್ಬೇಕು ಕಣವ್ವ, ಒಳಕಲ್ ಚಟ್ನಿ ಇದ್ದಂಗೆ." ನಾನು ಕಿಸಕ್ಕನೆ ನಕ್ಕಿದ್ದೆ. ನಿಮ್ಮ ಕಣ್ಣು ಮಂಜಾಗಿದೆ, ನುಣುಪು ಕಾಣಿಸೋದಿಲ್ಲ ಅಂತ ನಿಮ್ಮ ಮಗನ ಹತ್ತಿರ ಹೇಳಿದ್ದೆ. ಆ ಮಾತು ನಿಮ್ಮ ಕಿವಿಗೆ ಬಿದ್ದಿತ್ತೋ ಏನೋ.

ನೀವು ಹಾಸಿಗೆ ಹಿಡಿಯುವುದಕ್ಕೆ ಒಂದು ವಾರ ಮುಂಚೆ ನನ್ನ ಚಾಕನ್ನು ಎತ್ತಿಕೊಂಡು ತೆರೆದಿರಿ, ಮಡಚಿದಿರಿ. ಹತ್ತು ಸಲವಾದರೂ. ಮುಖದಲ್ಲಿ ಏನೋ ಖುಷಿ ಇತ್ತು, ನಾನು ನೋಡಿದೆ. ಆಮೇಲೆ ಕೇಳಿದಿರಿ: "ಜಾರೋದು ಸರಿ, ಕುಯ್ತದಾ?" ನಾನು ಉತ್ತರ ಕೊಡಲಿಲ್ಲ. ಹಗ್ಗದ ಮೇಲೆ ಎಳೆದು ನೋಡಿಯೇ ಇರಲಿಲ್ಲ, ಏನಂತ ಹೇಳಲಿ? ಕಿವಿಯ ಹತ್ತಿರ ಹಿಡಿದು ಟಕ್ ಶಬ್ದ ಕೇಳಿಕೊಂಡು ಹಿಗ್ಗುತ್ತಿದ್ದೆ, ಅಷ್ಟೇ. ನೀವು ಅದನ್ನು ಹಲಗೆಯ ಮೇಲಿಟ್ಟು ಎದ್ದು ಹೋದಿರಿ. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ, ಚಾಕಿನ ಬಗ್ಗೆ ಅದೇ ನಮ್ಮ ಕೊನೆಯ ಮಾತಾಯಿತು.

ಹೋದ ತಿಂಗಳು ಮಧ್ಯಾಹ್ನ ನಾಲೆಯ ಹತ್ತಿರ ನಾನು ಬಟ್ಟೆ ಒಗೆಯುತ್ತಿದ್ದೆ, ನಿಮ್ಮ ಮಗ ಸೀಮೆಹಸುವಿನ ಮೈ ತೊಳೆಯುತ್ತಿದ್ದರು. ನೈಲಾನ್ ಹಗ್ಗವನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಹಾಗೆ ಸುತ್ತಬೇಡ ಅಂತ ನೀವು ಎಷ್ಟು ಸಲ ಹೇಳಿದ್ದಿರಿ? ಹಸು ಸಿಮೆಂಟಿನ ಇಳಿಜಾರಿನಲ್ಲಿ ಕಾಲುಜಾರಿ ತುಂಬಿ ಹರಿಯುವ ನೀರಿಗೆ ಬಿತ್ತು. ಇವರು ಅಂಗಾತ ಬಿದ್ದು, ಮಗುಚಿಕೊಂಡು, ಅಂಚಿನವರೆಗೂ ಎಳೆಸಿಕೊಂಡೇ ಹೋದರು. ನಾನು ಓಡಿಹೋಗಿ ಬೆನ್ನ ಮೇಲೆ ಕೂತುಬಿಟ್ಟೆ. ಎಡಗೈಯಲ್ಲಿ ದಡದ ಕಲ್ಲುಕಂಬ ಹಿಡಿದೆ. ಉಳಿದದ್ದು ಒಂದೇ ಕೈ.

ಸೊಂಟದಿಂದ ನನ್ನ ಚಾಕು ತೆಗೆದೆ. ಟಕ್ ಅಂತ ತೆರೆಯಿತು ಮಾವ, ಅದರಲ್ಲಿ ಮೋಸವಿಲ್ಲ. ಒದ್ದೆ ಹಗ್ಗದ ಮೇಲೆ ಎಳೆದೆ. ಜಾರಿತು. ಇನ್ನೊಂದು ಸಲ ಎಳೆದೆ, ಮತ್ತೆ ಜಾರಿತು. ಎಣ್ಣೆ ಹಚ್ಚಿದಂತೆ! "ನನ್ ಬುಟ್ಬುಡೇ, ನೀನೂ ಬೀಳ್ತೀಯ ಕಣೇ, ಬುಟ್ಬುಡು" ಅಂತ ಇವರು ಕೂಗುತ್ತಿದ್ದರು. ಬೆರಳು ನೀಲಿಯಾಗಿದ್ದವು. ಚಾಕನ್ನು ಎಸೆದೆ. ಆಗ ನೆನಪಾಯಿತು, ಇವರ ಉಡಿದಾರದಲ್ಲಿ ನಿಮ್ಮ ಚಾಕು.

ಅದನ್ನು ಕಿತ್ತುಕೊಂಡೆ, ಆದರೆ ತೆರೆಯುವುದು ಹೇಗೆ? ನಿಮ್ಮ ಹಾಳು ಬಿಗಿ ಕೀಲು! ಹಲ್ಲಿನಲ್ಲಿ ಕಚ್ಚಿ ಎಳೆದೆ, ಬರಲಿಲ್ಲ. ಆ ಹೊತ್ತಿನಲ್ಲಿ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ, ಕ್ಷಮಿಸಿ. ಕ್ಷಮಿಸದಿದ್ದರೂ ಸರಿ. ಎರಡನೇ ಸಲ ಕಚ್ಚಿದಾಗ ಮುಂದಿನ ಹಲ್ಲಿನ ಚೂರು ಹಾರಿತು, ಅಲಗು ಹೊರಗೆ ಬಂತು. ಹಗ್ಗದ ಮೇಲೆ ಒಂದೇ ಸಲ ಎಳೆದದ್ದು, ಕರಕ್ ಅಂತ ಎರಡು ತುಂಡು. ಹಸು ತೇಲಿಕೊಂಡು ಹೋಗಿ ಮುಂದಿನ ಮೆಟ್ಟಿಲಲ್ಲಿ ತಾನೇ ಹತ್ತಿತು. ನಿಮ್ಮ ಮಗ ಉಳಿದರು. ಬೆರಳುಗಳು ಮಾತ್ರ… "ಇನ್ನೊಂಚೂರು ಬೇಗ ಬಿಡಿಸಿದ್ರೆ ಚೆನ್ನಾಗಿತ್ತು" ಅಂದರು ಡಾಕ್ಟರು. ಆ ಒಂಚೂರು ಯಾರ ತಪ್ಪು ಮಾವ? ನನ್ನದು ತೆರೆಯಿತು, ಕೊಯ್ಯಲಿಲ್ಲ. ನಿಮ್ಮದು ಕೊಯ್ಯಿತು, ತೆರೆಯಲಿಲ್ಲ. ರಾತ್ರಿ ಹಗಲು ಇದನ್ನೇ ಯೋಚಿಸಿ ನನಗೆ ಸಾಕಾಗಿದೆ.

ಇವರನ್ನು ಮನೆಗೆ ಕರೆತಂದ ಮೇಲೆ ಅಂಗಡಿಯ ಬಾಗಿಲು ತೆಗೆದು ಕೂತೆ. ಹೊಸ ಅಲಗೊಂದನ್ನು ನಿಮ್ಮ ಅಲಗಿನಷ್ಟೇ ತೆಳ್ಳಗೆ ತಟ್ಟಿದೆ. ಒರಟು ಕಲ್ಲಿನ ಮೇಲೆ ಮೂರು ಸಲ ಎಳೆದು, ಹಗ್ಗವನ್ನು ಕಚ್ಚಲಿ ಅಂತ ಬಾಯಿಗೆ ತರಿ ಬಿಟ್ಟೆ. ಕೀಲು ಮಾತ್ರ ನನ್ನದೇ, ಹಿತ್ತಾಳೆಯದು, ಒಳಪಟ್ಟಿಯ ಸಮೇತ. ಅದು ಈಗ ನನ್ನ ಚೀಲದಲ್ಲಿದೆ. ಅದೇ ನೀಲಿ ಹಗ್ಗದ ಒಂದು ಮೊಳವೂ ಇದೆ, ಇಲ್ಲಿಯ ನಲ್ಲಿಯಲ್ಲಿ ನೆನೆಸಿಟ್ಟಿದ್ದೇನೆ. ಹುಚ್ಚಿ ಅನ್ನಿ, ಪರವಾಗಿಲ್ಲ. ಕರೆಯುತ್ತಿದ್ದಾರೆ, ಇರಿ.

ಬಂದೆ ಮಾವ. ಕಿರುಬೆರಳು, ಉಂಗುರದ ಬೆರಳು ಎರಡೂ ಆಡುವುದಿಲ್ಲ. ಇನ್ನು ಆಡುವುದೂ ಇಲ್ಲವಂತೆ. ಹೆಬ್ಬೆರಳು, ಪಕ್ಕದ ಎರಡು ಆಡುತ್ತವೆ, ಮೆಲ್ಲಗೆ. ಇವರು ಕೈಯನ್ನೇ ನೋಡುತ್ತಿದ್ದರು. ನಾನು ಚಾಕು ತೆಗೆದೆ. ಎಲ್ಲಿ ಇಡಲಿ ಅಂತ ಹಲಗೆಗಾಗಿ ಅತ್ತಿತ್ತ ನೋಡುತ್ತಿದ್ದೆ, ಅಷ್ಟರಲ್ಲಿ ಇವರು ಆ ಕೈಯನ್ನೇ ಚಾಚಿಬಿಟ್ಟಿದ್ದರು. ಚಾಚಿದ ಕೈಯನ್ನು ಖಾಲಿ ಬಿಡೋಕಾಗುತ್ತದೆಯೇ? ಕೈಗೇ ಕೊಟ್ಟೆ.

"ಅಯ್ಯಯ್ಯೋ, ಆಸ್ಪತ್ರೆ ಒಳಗೆ ಏನ್ರೀ ಇದು!" ಅಂತ ನರ್ಸಮ್ಮ ಕೂಗಿದಳು. ಇವರು ಹೆಬ್ಬೆರಳಲ್ಲಿ ತಳ್ಳಿದರು. ಬೆರಳಿಗೆ ಬಲವೇ ಇಲ್ಲ, ಹಣೆಯಲ್ಲಿ ಬೆವರು. ಅರ್ಧಕ್ಕೆ ಬಂದು ನಿಂತಿತು. ಆಮೇಲೆ ಟಕ್. ನಿಮ್ಮ ಕೀಲಾಗಿದ್ದರೆ ಈ ಕೈ ಜನ್ಮದಲ್ಲಿ ತೆರೆಯುತ್ತಿರಲಿಲ್ಲ. ನಾನು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೆ, ಇವರು ಒಂದು ಸಲ ಎಳೆದರು. ಎರಡು ತುಂಡಾಯಿತು. "ಅಪ್ಪ ಇದ್ದಿದ್ರೆ ಏನಂತಿದ್ದ?" ಅಂತ ಕೇಳಿದರು. "ಸಡ್ಲ ಆಯ್ತು ಕಣವ್ವ ಅಂತಿದ್ರು" ಅಂದೆ. ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು.

ನಿಮಗೆ ಉತ್ತರ ಕೊಡದೆ ಎರಡು ವರ್ಷವಾಯಿತು. ಕುಯ್ತದೆ ಮಾವ. ಚೆನ್ನಾಗಿ ಕುಯ್ತದೆ. ಇಂಥದೇ ಇನ್ನೊಂದು ಮಾಡಿ ಹಲಗೆಯ ಮೇಲಿಡುತ್ತೇನೆ… ಬೇಡ, ಇಡುವುದಿಲ್ಲ. ನಿಮಗೂ ಕೈಗೇ ಕೊಡುತ್ತೇನೆ. ಜಗಳ ಆಗುತ್ತದೆ ಅಂದಿದ್ದಿರಲ್ಲ? ಆಗಲಿ.

ನಿಮ್ಮ ಸೊಸೆ