ಕೇಸರಿ ಹಾಲು ಮತ್ತು ಬೂದು ಮರಿ

ಭದ್ರಾವತಿ
೧೨-೨-೧೯೩೮

ಪ್ರೀತಿಯ ಅವ್ವನಿಗೆ, ದೂರದಿಂದಲೇ ನಿನ್ನ ಪಾದ ಮುಟ್ಟಿ ದಾಕ್ಷಾಯಣಿ ಬರೆಯುವುದು.

ಸುಖವಾಗಿದ್ದೇನೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆ. ನಿಜವಾಗಿ ಹೆದರಿಕೆಯಲ್ಲಿದ್ದೆ. ಇವರು ಕಾರ್ಖಾನೆಗೆ ಹೋದರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಅತ್ತೆ. ಅತ್ತೆಯದು ಮಾತು ಕಡಿಮೆ. ಅಂಥವರು ಹೋದ ತಿಂಗಳಿಂದ ಇದ್ದಕ್ಕಿದ್ದಂತೆ ದಿನಾ ಬೆಳಿಗ್ಗೆ ಕೇಸರಿ ಹಾಲು ತಂದು ಕೊಟ್ಟು, ಕುಡಿಯುವ ತನಕ ಎದುರಿಗೇ ನಿಲ್ಲತೊಡಗಿದರು. ಪಕ್ಕದ ಮನೆಯ ದ್ಯಾಮಮ್ಮ ನನ್ನನ್ನು ನಲ್ಲಿಯ ಹತ್ತಿರ ತಡೆದು, "ಶಾಂತಂಗೂ ಹಿಂಗೇ ಹಾಲು ಕೊಡ್ತಿದ್ರು. ಹುಷಾರಾಗಿರು ಮಾರಾಯ್ತಿ" ಎಂದಳು. ಶಾಂತಾ ಇವರ ಮೊದಲ ಹೆಂಡತಿ. ಜ್ವರದಲ್ಲಿ ಹೋದಳು ಎಂದಲ್ಲವೇ ನಮಗೆ ಹೇಳಿದ್ದು? ಆಮೇಲೆ ದಿನಾ ಹೆದರಿಕೊಂಡೇ ಕುಡಿಯುತ್ತಿದ್ದೆ.

ಈಚೆಗೆ ಸೌದೆ ರಾಶಿಯಲ್ಲಿ ನನಗೊಂದು ಬೂದು ಬೆಕ್ಕಿನ ಮರಿ ಸಿಕ್ಕಿತ್ತು. ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಿದ್ದೆ. ಅತ್ತೆಗೆ ಅದನ್ನು ಕಂಡರಾಗುತ್ತಿರಲಿಲ್ಲ. ಮೊನ್ನೆ ಅವರು ಹೂವು ಕೊಳ್ಳಲು ಬಾಗಿಲಿಗೆ ಹೋದಾಗ ನನ್ನ ಹಾಲನ್ನು ಮರಿಯ ಬಟ್ಟಲಿಗೆ ಸುರಿದುಬಿಟ್ಟೆ. ಮಧ್ಯಾಹ್ನ ನೋಡಿದರೆ ಮರಿ ಜೊಲ್ಲು ಸುರಿಸುತ್ತಾ, ನಡುಗುತ್ತಾ ಬಿದ್ದಿದೆ. ಅವ್ವಾ, ಅದು ನಾನು ಕುಡಿಯಬೇಕಾಗಿದ್ದ ಹಾಲು.

ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಶಿವಮೊಗ್ಗದ ದನದ ಆಸ್ಪತ್ರೆಗೆ ಹೊರಟೆ. ಅತ್ತೆ ತಡೆಯುತ್ತಾರೆ ಎಂದುಕೊಂಡರೆ, ಸೆರಗು ಹೊದ್ದುಕೊಂಡು "ನಾನೂ ಬರ್ತೀನಿ ನಡಿ" ಎಂದರು. ಡಾಕ್ಟರ ಮುಂದೆ ನಾನು ಬಾಯಿಬಿಟ್ಟರೆ ಎಂಬ ಭಯ ಅತ್ತೆಗೆ ಎಂದುಕೊಂಡೆ. ರೈಲಿನಲ್ಲಿ ಮರಿಗಾಗಿ ಅವರು ಕೈಚಾಚಿದರೂ ನಾನು ಕೊಡಲಿಲ್ಲ.

ಡಾಕ್ಟರು ಕಾಯುತ್ತಿದ್ದ ಎತ್ತುಗಳನ್ನು ಬಿಟ್ಟು ಮರಿಯನ್ನು ನೋಡಿದರು. ಅತ್ತೆಯ ಮುಖವನ್ನೇ ನೋಡುತ್ತಾ, "ಹಾಲಿನಲ್ಲಿ ಏನೋ ಇತ್ತು" ಎಂದೆ. ಡಾಕ್ಟರು ಮರಿಯ ಬೆನ್ನು ಮೂಸಿ, "ಹಾಲಲ್ಲ. ಇದಕ್ಕೆ ಫಿನಾಯಿಲ್ ಹಾಕಿ ತೊಳೆದೋರು ಯಾರು?" ಎಂದು ಕೇಳಿದರು. ನಮ್ಮ ಕೇರಿಯಲ್ಲಿ ಮೋರಿಗೆಲ್ಲ ಅದನ್ನೇ ಸುರಿಯುವುದರಿಂದ ಆ ವಾಸನೆ ನನಗೆ ಬೇರೆಯಾಗಿ ತಿಳಿದಿರಲಿಲ್ಲ.

ಅತ್ತೆ ತಲೆ ತಗ್ಗಿಸಿದರು. "ನಾನೇ ಸ್ವಾಮಿ. ಮೈತುಂಬ ಚಿಗಟ ಇತ್ತು. ಈ ಹುಡುಗಿ ಅದನ್ನ ಪಕ್ಕದಲ್ಲೇ ಮಲಗಿಸ್ಕೊಳ್ತಾಳೆ. ಇವತ್ತು ಬೆಳಿಗ್ಗೆ ಇವಳು ಸ್ನಾನಕ್ಕೆ ಹೋದಾಗ ತೊಳೆದು ಒರೆಸಿದ್ದೆ."

"ಬೆಕ್ಕು ಮೈಯೆಲ್ಲ ನೆಕ್ಕುತ್ತೆ ತಾಯಿ. ಅದಕ್ಕೆ ಅದು ವಿಷ" ಎಂದರು ಡಾಕ್ಟರು. ಸೋಪು ಹಚ್ಚಿ, ಬೆಚ್ಚಗಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆಸಿ, ನೆಕ್ಕದಂತೆ ಬಟ್ಟೆ ಸುತ್ತಿಸಿ, ಬೆಚ್ಚಗಿಡಲು ಹೇಳಿ ಕಳಿಸಿದರು.

ಹಿಂದಿರುಗುವಾಗ ಮರಿ ಅತ್ತೆಯ ಮಡಿಲಲ್ಲಿತ್ತು. ಅದಕ್ಕೆ ಸುತ್ತಿದ್ದ ಬಟ್ಟೆ ಸರಿಮಾಡುತ್ತಾ, "ಹಾಲಿಗೆ ನಾನು ಏನು ಹಾಕಿದೀನಿ ಅಂದ್ಕೊಂಡಿದ್ದೆ?" ಎಂದು ಕೇಳಿದರು. ನಾನು ಕಿಟಕಿಯ ಕಡೆ ತಿರುಗಿದೆ. ಅವರೇ ಮೆಲ್ಲಗೆ, "ಶಾಂತ ಬಸುರಿಯಾಗಿದ್ದಾಗ ಜ್ವರ ಬಂತು. ಇಬ್ಬರೂ ಉಳೀಲಿಲ್ಲ" ಎಂದರು.

ಮರಿ ಇವತ್ತು ತಲೆ ಎತ್ತಿ ಕೂಗಿತು. ನಾನಿನ್ನೂ ಅತ್ತೆಯ ಮುಖವನ್ನು ನೆಟ್ಟಗೆ ನೋಡಿಲ್ಲ.

ನಿನ್ನ ಮಗಳು,
ದಾಕ್ಷಾಯಣಿ

ಮೇಲೆ ಬರೆಯದೆ ಬಿಟ್ಟ ಮಾತು: ಅವ್ವಾ, ನನಗೆ ಮೂರನೆಯ ತಿಂಗಳು. ಭಯದಲ್ಲಿ ನಿನಗೂ ಬರೆಯಲಿಲ್ಲ, ಇವರಿಗೂ ಹೇಳಲಿಲ್ಲ. ಅತ್ತೆಗೆ ಹೋದ ತಿಂಗಳೇ ತಿಳಿದಿತ್ತಂತೆ. ನಾನಾಗಿ ಹೇಳಲಿ ಎಂದು ಕಾಯುತ್ತಿದ್ದರಂತೆ.