ಬರಿಬೆರಳು

ಚಾಮರಾಜಪೇಟೆ, ಬೆಂಗಳೂರು
18-6-1978

ಚಿರಂಜೀವಿ ರಾಮಾನುಜನಿಗೆ,

ದೂರದಿಂದಲೇ ನಿನ್ನ ತಲೆ ನೇವರಿಸಿ ಅಕ್ಕನ ಆಶೀರ್ವಾದ. ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಎರಡು ಸಲ ಉತ್ತರ ಬರೆಯಲು ಕೂತು, ಎರಡು ಸಲವೂ ಹರಿದು ಹಾಕಿದೆ. ಕೆಲಸ ಜಾಸ್ತಿ ಇತ್ತು ಎಂದು ಸುಳ್ಳು ಹೇಳುವುದಿಲ್ಲ. ಕ್ಷಮಿಸು.

ಅತ್ತೆಗೆ ಮಂಡಿ ನೋವು, ಆದರೂ ಮಡಿ ಬಿಟ್ಟಿಲ್ಲ. ಮೊನ್ನೆ ಮಲ್ಲೇಶ್ವರದಿಂದ ಶೀನಣ್ಣ ಚಿಕ್ಕಪ್ಪ ಬಂದಿದ್ದರು. "ನಿನ್ ತಮ್ಮ ಬೊಂಬಾಯಲ್ಲಿ ಬ್ಯಾಂಕ್ ಕೆಲ್ಸ ಮಾಡ್ತಾನೋ, ಗಿಟಾರ್ ಕೆರ್‍ಕೊಂಡು ಕೂತಿರ್ತಾನೋ?" ಎಂದರು. "ಎರಡೂ ಮಾಡ್ತಾನೆ, ಎರಡನ್ನೂ ನೆಟ್ಟಗೆ ಮಾಡ್ತಾನೆ" ಎಂದೆ. ಕಾಫಿ ಕುಡಿದು ಹೊರಟರು.

ಈಗ ನಿನ್ನ ವಿಷಯ. ಬೆರಳಲ್ಲಿ ಮೀಟಿದರೆ ಡ್ರಮ್ಮಿನ ಮುಂದೆ ಏನೂ ಕೇಳಿಸುವುದಿಲ್ಲ, ತಂತಿ ಮೀಟುವ ಪಿಕ್ ಹಿಡಿದರೆ ಮಾತ್ರ ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಬಾ ಎಂದು ನಿಮ್ಮ ತಂಡದವರು ಹೇಳಿದ್ದಾರೆ. ನೀನೋ, ಅಪ್ಪನ ಮಗನಾಗಿ ಆ ಪ್ಲಾಸ್ಟಿಕ್ ಚೂರು ಮುಟ್ಟುವುದಿಲ್ಲ, ಬೇಕಾದರೆ ತಂಡವನ್ನೇ ಬಿಡುತ್ತೇನೆ ಎಂದು ಹಟ ಹಿಡಿದಿದ್ದೀಯ. ಅಕ್ಕ ಹೇಳಿದ್ದೇ ಕೊನೆ ಎಂದೂ ಬರೆದು ಭಾರವನ್ನೆಲ್ಲ ನನ್ನ ತಲೆಗೆ ಕಟ್ಟಿದ್ದೀಯ.

ಹೋದ ಸಲ ಬಂದಾಗ ನಮ್ಮ ಹಿತ್ತಿಲ ಕಟ್ಟೆಯ ಮೇಲೆ ನೀನು ಗಿಟಾರಿನಲ್ಲಿ ಬ್ಲೂಸ್ ಎಂಬ ಆ ಅಮೆರಿಕದ ದುಃಖದ ಹಾಡು ನುಡಿಸಿದ್ದು ನೆನಪಿದೆ. ಹೆಬ್ಬೆರಳು ದಪ್ಪ ತಂತಿಯಲ್ಲಿ ಒಂದೇ ಸಮ ನಡೆಯುತ್ತಿತ್ತು, ಉಳಿದ ಬೆರಳುಗಳು ಅಳುತ್ತಿದ್ದವು. ತಂತಿ ಎಳೆದು ಸ್ವರ ಏರಿಸಿದಾಗ ನಮ್ಮ ವೀಣೆಯೇ ಎನಿಸಿತು. ಪಿಕ್ ಹಿಡಿದರೆ ಹೆಬ್ಬೆರಳು ಅದಕ್ಕೇ ಮೀಸಲು, ಎರಡು ದನಿಯಲ್ಲಿ ಒಂದು ಹೋಗಿಬಿಡುತ್ತದೆ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ.

ಉಗುರಿನ ನಾದವೇ ನಾದ ಎಂದು ಅಪ್ಪ ನಮ್ಮನ್ನು ಬೆಳೆಸಿದರು. ವೀಣೆಗೆಂದು ಬಿಟ್ಟ ಎರಡು ಉಗುರುಗಳ ಸಮೇತ ಈ ಮನೆಗೆ ಸೊಸೆಯಾಗಿ ಬಂದೆ. "ಅಂಬುಜಾ, ಈ ಉಗುರಲ್ಲಿ ಹಿಟ್ಟು ಕಲಸ್ತೀಯೇನಮ್ಮ? ಮಡಿ ಅಡುಗೆಗೆ ಆಗೋಲ್ಲ" ಎಂದರು ಅತ್ತೆ. ಯಾರೂ ಕೈ ಹಿಡಿದು ಕತ್ತರಿಸಲಿಲ್ಲ, ನಾನೇ ಕತ್ತರಿಸಿಕೊಂಡೆ. ಉಗುರಿಲ್ಲದವರು ತಂತಿಯ ನಖಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ನುಡಿಸುತ್ತಾರೆ, ನಿನಗೇ ಗೊತ್ತು. ಅಪ್ಪನಿಗೆ ಅದನ್ನು ಕಂಡರಾಗುತ್ತಿರಲಿಲ್ಲ. "ತಗಡು ಬಡಿದ ಹಾಗಿರುತ್ತೆ, ನನ್ ಮುಂದೆ ಅದನ್ನ ಹಾಕ್ಕೋಬೇಡ" ಎನ್ನುತ್ತಿದ್ದರು. ಹೀಗೆ ನನ್ನ ವೀಣೆ ಹಳೇ ಸೀರೆ ಹೊದ್ದು ಮೂಲೆ ಸೇರಿತು.

ನನ್ನ ಮಾತು ಇಷ್ಟೇ, ಪಿಕ್ ಹಿಡಿ. ಹೆಬ್ಬೆರಳು ತೋರುಬೆರಳ ನಡುವೆ ಅದಿರಲಿ. ನಡುಬೆರಳು, ಉಂಗುರದ ಬೆರಳು ಖಾಲಿ ಕೂತಿರುತ್ತವಲ್ಲ, ಅವುಗಳಿಂದ ಸಣ್ಣ ತಂತಿಗಳನ್ನು ಮೀಟಿ ನೋಡು. ಮೊದಮೊದಲು ಕೈ ತಡವರಿಸುತ್ತದೆ, ತಡವರಿಸಲಿ. ಬರಿಬೆರಳ ಬ್ಲೂಸನ್ನು ನಿನ್ನ ಕೋಣೆಗೆ ಇಟ್ಟುಕೋ. ಕೇಳಲು ಕೂತವರಿಗೆ ಕೇಳಿಸಬೇಕು, ಶಾಸ್ತ್ರವೆಲ್ಲ ಆಮೇಲೆ. ಅಪ್ಪನ ಹೆಸರು ಹೇಳಿ ತಂಡ ಬಿಡಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ನೂರು ವರ್ಷ ನುಡಿಯಲಿ.

ಇತಿ,
ನಿನ್ನ ಅಕ್ಕ
ಅಂಬುಜ

ತಾ.ಕ.: ಅಪ್ಪ ನನ್ನ ವೀಣೆ ಕೇಳುತ್ತಾ ನೆಮ್ಮದಿಯಾಗಿ ಹೋದರು ಎಂದು ನಿನಗೆ ಬರೆದಿದ್ದೆ. ಅದು ನಿಜವಲ್ಲ, ರಾಮು. ಅವತ್ತು ಮಧ್ಯಾಹ್ನ ಅವರೇ "ಒಂಚೂರು ನುಡ್ಸಮ್ಮ" ಎಂದರು. ನಖಿ ಕೈಗೆಟಕುವಲ್ಲೇ ಇತ್ತು. ಕೊನೆಗಾಲದಲ್ಲಿ ಅವರ ಮಾತು ಮೀರಬಾರದೆಂದು ಉಗುರಿಲ್ಲದ ಬೆರಳಲ್ಲೇ ನುಡಿಸಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಕಾದರು. ಆಮೇಲೆ "ಯಾಕಮ್ಮ, ಶುರು ಮಾಡು" ಎಂದರು. ನಾನಾಗಲೇ ಪಲ್ಲವಿ ಮುಗಿಸಿ ಅನುಪಲ್ಲವಿಗೆ ಬಂದಿದ್ದೆ.