ಒರೆಸ್ತೆಯ ಮನೆಯ ಪೆಲೆಟ್ ಒಲೆ

12 ನವೆಂಬರ್ 2018, ಸೋಮವಾರ

ಬೂದಿ ತೆಗೆದೆ. ಕಟ್ಟಿಗೆ ಜೋಡಿಸಿದೆ. ಕಾಫಿ. ಮೊನ್ನೆ ಶನಿವಾರ, ಹತ್ತನೇ ತಾರೀಖು, ನಮ್ಮ ಕಟ್ಟಡದ ಸಭೆ ಒಂದು ತಪ್ಪು ಮಾಡಿತು. ಇಲ್ಲಿ ಬರೆದಿಡುತ್ತೇನೆ, ಸಭೆಯ ನಡಾವಳಿಯಲ್ಲಿ ನನ್ನ ಆಕ್ಷೇಪ ಬರಲಿಲ್ಲ.

ನೆಲಮಹಡಿಯ ಒರೆಸ್ತೆಗೆ ಪೆಲೆಟ್ ಒಲೆ ಇಡಲು ಒಪ್ಪಿಗೆ ಕೊಟ್ಟರು. ಮರದ ಹೊಟ್ಟಿನ ಗುಳಿಗೆ ಸುಡುವ, ಕರೆಂಟಿನಿಂದ ನಡೆಯುವ ಒಲೆ. ಒಲೆಗೆ ನನ್ನ ತಕರಾರಿಲ್ಲ. ಹೊಗೆಕೊಳವೆ ಸೂರಿನ ಮೇಲಕ್ಕೆ ಹೋಗಬೇಕು, ನಿಯಮ ಹೇಳುವುದು ಅದನ್ನೇ. ಇವರು ಗೋಡೆ ಕೊರೆದು ನೇರ ಹೊರಗೆ ಬಿಡುತ್ತಾರಂತೆ. ನನ್ನ ಓದುವ ಕೋಣೆಯ ಕಿಟಕಿಯ ಕೆಳಗೆ.

"ತಾತ್ಕಾಲಿಕ, ಪ್ರೊಫೆಸರೇ," ಎಂದರು ಮ್ಯಾನೇಜರ್ ಬರ್ತೋಲ್ದಿ. ನಾನು ಪ್ರೊಫೆಸರ್ ಅಲ್ಲ, ಪುರಸಭೆಯ ಗ್ರಂಥಾಲಯದಲ್ಲಿದ್ದು ನಿವೃತ್ತನಾದವನು. ಅವರಿಗೂ ಗೊತ್ತು. "ಹೋದ ತಿಂಗಳ ಬಿರುಗಾಳೀಲಿ ನೆಲಮಾಳಿಗೆಗೆ ನೀರು ನುಗ್ಗಿ, ಕಟ್ಟಡಾನ ಬಿಸಿ ಇಡೋ ಬಾಯ್ಲರ್ ಕೆಟ್ಟಿದೆ. ಪಾಪ ಆ ಮನುಷ್ಯ ಚಳೀಲಿ ಇರ್ಬೇಕಾ? ಬೇಸಿಗೇಲಿ ಚಿಮಣಿ ಮೇಲಕ್ಕೆ ಎಳೆಸೋಣ."

"ಒಪ್ಪುವವರು ಕೈ ಎತ್ತಿ," ಅಂದರು. ನಮ್ಮ ಮನೆಯ ಓಟು ಎಲ್ದಾಳದು, ಮನೆ ಅವಳ ಅಪ್ಪನಿಂದ ಬಂದದ್ದು. ಪಕ್ಕದಲ್ಲೇ ಕೂತಿದ್ದೆ. ಕೈ ಎತ್ತಿದಳು. ನನ್ನ ಹೆಂಡತಿ.

25 ನವೆಂಬರ್, ಭಾನುವಾರ

ಒರೆಸ್ತೆಯ ಬಗ್ಗೆ. ನಲವತ್ತು ಬೇಸಿಗೆ ಜರ್ಮನಿಯಲ್ಲಿ ಐಸ್‌ಕ್ರೀಮ್ ಅಂಗಡಿ ನಡೆಸಿದ, ನಮ್ಮ ಕಣಿವೆಯ ಅರ್ಧ ಗಂಡಸರ ಹಾಗೆ. ಪ್ರತಿ ಚಳಿಗಾಲ ಹೊಸ ಕೋಟು, ಹೊಸ ಜೋಕುಗಳೊಂದಿಗೆ ಇಟಲಿಗೆ, ನಮ್ಮ ಈ ಊರಿಗೆ ವಾಪಸು. ಈಗ ಅಂಗಡಿ ಮಾರಿದ್ದಾನೆ, ಹೆಂಡತಿ ತೀರಿಕೊಂಡಿದ್ದಾಳೆ, ವರ್ಷಪೂರ್ತಿ ಇಲ್ಲೇ. 1975ರ ಬೇಸಿಗೆಯಲ್ಲಿ ಎಲ್ದಾ ಅವನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಮ್ಮ ಮದುವೆಗೆ ಮುಂಚೆ. ಆ ಬೇಸಿಗೆಯ ಬಗ್ಗೆ ಅವಳು ಹೇಳಿರುವುದು ಒಂದೇ ಮಾತು: "ಬಹಳ ನಕ್ಕಿದ್ದೆ."

ಈಗ ಮಧ್ಯಾಹ್ನದ ಊಟವಾದ ಮೇಲೆ ಎಲ್ಲರೂ ಅವನ ಅಡುಗೆಮನೆಗೆ. ನಮ್ಮ ಅಜ್ಜಂದಿರು ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿ ಸೇರಿ, ಹಸುಗಳ ಬಿಸಿಗೆ ಮೈಯೊಡ್ಡಿ, ನೂಲುತ್ತ ಹರಟುತ್ತಿದ್ದರಲ್ಲ, ಆ ಫಿಲೊ ಕೂಟ ಮತ್ತೆ ಶುರು ಮಾಡಿದ್ದಾನಂತೆ. ಹಸುವಿನ ಬದಲು ಒಲೆ.

ಎಲ್ದಾಳಿಗೆ ಹೇಳಿದೆ: ನಮ್ಮಲ್ಲೂ ಒಲೆ ಇದೆ. ಕಲ್ಲಿನದು. ಪ್ರತಿ ಸೆಪ್ಟೆಂಬರ್‌ನಲ್ಲಿ ಚಿಮಣಿ ಗುಡಿಸುವವನು ಬರುತ್ತಾನೆ.

"ನಿನ್ನ ಒಲೆ ಸರಿಯಾಗೇ ಇದೆ, ಅಲ್ವೀಸೆ. ಅದರ ಮುಂದೆ ಯಾರೂ ಮಾತಾಡಲ್ಲ, ಅಷ್ಟೆ."

ಹೋದಳು. ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಒಲೆಗಾ?

9 ಡಿಸೆಂಬರ್

ನಮ್ಮ ವ್ಯಾಕ್ಯೂಮ್ ಕ್ಲೀನರ್ ಕಾಣಲಿಲ್ಲ. ಕೇಳಿದರೆ — ಎಲ್ದಾ ಒರೆಸ್ತೆಗೆ ಕೊಟ್ಟಿದ್ದಾಳೆ, ಒಲೆಯ ಬೂದಿ ಎಳೆಯಲು. ಸಂಜೆ ವಾಪಸು ಬಂತು. ಒಳಗಿನ ಚೀಲ ಸುಟ್ಟು ಕರಕಲಾಗಿತ್ತು. ಕೆಂಡ ಆರುವ ಮೊದಲೇ ಎಳೆದಿದ್ದಾನೆ. ಒಲೆ ಪೂರ್ತಿ ತಣ್ಣಗಾದ ಮೇಲೇ ಬೂದಿ ಮುಟ್ಟಬೇಕು, ಅದಕ್ಕೆಂದೇ ಬೇರೆ ಮೆಷಿನ್ ಸಿಗುತ್ತದೆ. ಯಾವ ಕೈಪಿಡಿಯಲ್ಲೂ ಇದೆ.

ಕೆಳಗೆ ಹೋಗಿ ಹೇಳಿದೆ. ಕುಳಿತಿದ್ದವರು: ಒರೆಸ್ತೆ, ಮೂರನೇ ಮಹಡಿಯ ಇರ್ಮಾ ಅಜ್ಜಿ, ನನ್ನ ಹೆಂಡತಿ. ಇಸ್ಪೀಟು. ದ್ರಾಕ್ಷಿ ಸಾರಾಯಿ ಗ್ರಾಪ್ಪಾ. ಒಲೆಯ ಗಾಜಿನ ಮೇಲೆ ಕರಿ ಮಸಿ, ಒಳಗೆ ಹಳದಿ ಸೋಮಾರಿ ಜ್ವಾಲೆ. ಗುಳಿಗೆ ಉರಿಯುವ ಬಟ್ಟಲು ಕಿಟ್ಟದಿಂದ ಕಟ್ಟಿಕೊಂಡಿದೆ ಎಂದು ಬಾಗಿಲಿಂದಲೇ ಗೊತ್ತಾಯಿತು.

"ಬನ್ನಿ ಪ್ರೊಫೆಸರೇ," ಒರೆಸ್ತೆ ಎದ್ದ. "ನಿಮ್ಮ ನಿಯಮದ ಪುಸ್ತಕ ಮಾತ್ರ ಹೊರಗೇ ಬಿಟ್ಟು ಬನ್ನಿ. ಅದಕ್ಕೆ ಕುರ್ಚಿ ಇಲ್ಲ."

"ಬಟ್ಟಲು ಯಾವಾಗ ಕೆರೆದದ್ದು? ಬಾಗಿಲಿನ ಗ್ಯಾಸ್ಕೆಟ್ ನೋಡಿದ್ದೀರಾ? ಪೆಲೆಟ್ ಎಲ್ಲಿಯದು?"

"ಪೆಲೆಟ್ ಆಸ್ಟ್ರಿಯಾದ್ದು. ಗ್ಯಾಸ್ಕೆಟ್ ಇಟಲಿದು. ನಾನು ಅರ್ಧ ಜರ್ಮನಿಯೋನು. ಇನ್ನೇನು ಬೇಕು?"

ಇರ್ಮಾ ಅಜ್ಜಿ ಎಲೆ ಎಸೆಯುತ್ತ, "ಬಿಡೋ ಮಾರಾಯ, ಪ್ರೊಫೆಸರಿಗೆ ಉರೀತಿರೋದು ಒಲೆ ಅಲ್ಲ," ಅಂದಳು.

ಎಲ್ಲರೂ ನಕ್ಕರು. ಎಲ್ದಾ ಕೂಡ. ಮೊದಲು ತಡೆದುಕೊಂಡು, ಆಮೇಲೆ ನಕ್ಕಳು. ತಡೆದುಕೊಂಡದ್ದೇ ಹೆಚ್ಚು ನೋಯಿಸಿತು.

13 ಡಿಸೆಂಬರ್

ಬರ್ತೋಲ್ದಿಯವರಿಗೆ ಫೋನ್. ಒಲೆ ಕೂರಿಸಿದವರು ಸರ್ಟಿಫಿಕೇಟ್ ಕೊಟ್ಟಿದ್ದಾರಾ?

"ಬರುತ್ತೆ, ಪ್ರೊಫೆಸರೇ. ಎಲ್ಲರೂ ಬಿರುಗಾಳಿ ಕೆಲಸದಲ್ಲಿದ್ದಾರೆ. ಕಣಿವೇಲಿ ಅಷ್ಟು ಮರ ಬಿದ್ದಿದೆ, ನಿಮಗೆ ಒಂದು ಕೊಳವೆಯದೇ ಚಿಂತೆ. ನಿಮ್ಮ ಮನೆಯೋರೂ ದಿನಾ ಅಲ್ಲೇ ಇರ್ತಾರಂತಲ್ಲ? ಅವರಿಗೇನೂ ತೊಂದರೆ ಆದ ಹಾಗಿಲ್ಲ."

ಅಂದರೆ ಊರಿಗೆಲ್ಲ ಗೊತ್ತು.

ನನಗೆ ಒಂಬತ್ತು ವರ್ಷವಿದ್ದಾಗ ಗುಡ್ಡವೊಂದು ಜಲಾಶಯಕ್ಕೆ ಜಾರಿ, ಅಣೆಕಟ್ಟಿನ ಮೇಲಿಂದ ನೀರು ಉಕ್ಕಿ ಬಂದು ಈ ಕಣಿವೆಯ ಒಂದು ಊರನ್ನೇ ಅಳಿಸಿತು. ಗುಡ್ಡ ಜಾರುತ್ತಿದೆ ಎಂದು ಮೊದಲೇ ಕೂಗಿದವರನ್ನು ಗಾಬರಿ ಹಬ್ಬಿಸುವವರು ಎಂದಿದ್ದರು. ಅಪ್ಪ ಅದನ್ನು ಸಾಯುವವರೆಗೂ ಹೇಳುತ್ತಿದ್ದ. ಒಂದು ಒಲೆಗೂ ಅದಕ್ಕೂ ಹೋಲಿಕೆಯಿಲ್ಲ, ಗೊತ್ತು. ಹೇಳಿದವನ ಬಾಯಿ ಮುಚ್ಚಿಸುವ ರೀತಿ ಮಾತ್ರ ಒಂದೇ. ಆಗ ಗಾಬರಿ ಅಂದರು. ಈಗ ಹೊಟ್ಟೆಕಿಚ್ಚು ಅನ್ನುತ್ತಾರೆ.

ಹೊಟ್ಟೆಕಿಚ್ಚು ಇಲ್ಲವೆಂದು ಇಲ್ಲಿ ಸುಳ್ಳು ಬರೆಯುವುದಿಲ್ಲ. ಇದೆ. ಹಾಗಂತ ಕೊಳವೆ ಸರಿಯಾಗಿಬಿಡುತ್ತದೆಯೇ?

7 ಜನವರಿ 2019

ಹಬ್ಬ ಮುಗಿಯಿತು. ಬಾಯ್ಲರ್ ಇನ್ನೂ ರಿಪೇರಿಯಾಗಿಲ್ಲ. ನನ್ನ ಕಿಟಕಿಯ ಗಾಜಿನ ಹೊರಗೆ ಮಸಿ. ಕಿಟಕಿ ತೆರೆದರೆ ಪರದೆಗೆ, ಪುಸ್ತಕಗಳಿಗೆ ಹೊಗೆವಾಸನೆ.

ಎಲ್ದಾ ಹೆಣೆಯುತ್ತಿದ್ದಾಳೆ. ಬೂದು ಉಣ್ಣೆ, ಅಂಚಿಗೆ ಕೆಂಪು. ದುಂಡಗಿದೆ. ಟೋಪಿ?

"ಯಾರಿಗೆ?"

"ನಿನಗಲ್ಲ."

ಹತ್ತು ವರ್ಷದಿಂದ ಸೂಜಿ ಮುಟ್ಟಿರಲಿಲ್ಲ. ಬೆರಳು ನೋಯುತ್ತದೆ ಅನ್ನುತ್ತಿದ್ದಳು. ಈಗ ನೋಯುತ್ತಿಲ್ಲ.

20 ಜನವರಿ, ಭಾನುವಾರ

ಟೋಪಿಯಲ್ಲ. ಟೋಪಿಯಾಗಿದ್ದರೆ ಚೆನ್ನಾಗಿತ್ತು.

ಗುರುವಾರ ಸಕ್ಕರೆ ಕೇಳುವ ನೆಪದಲ್ಲಿ ಕೆಳಗೆ ಹೋದೆ (ನಮ್ಮಲ್ಲಿ ಸಕ್ಕರೆ ಇತ್ತು). ಒರೆಸ್ತೆಯ ತಲೆ ಬರಿದಾಗಿತ್ತು. ಮತ್ತೆ ಆ ಉಣ್ಣೆ? ಗೋಡೆಯ ಕೆಳಗೆ, ಒಲೆಗೆ ಗಾಳಿ ಬರಲೆಂದು ಕೊರೆದ ತೂತಿದೆ. ಅದಕ್ಕೆ ಬಿರಡೆಯ ಹಾಗೆ ತುರುಕಿದ್ದಾರೆ. ಕೆಂಪು ಅಂಚು ಅಂದವಾಗಿ ಹೊರಗೆ ಕಾಣುತ್ತಿತ್ತು.

"ಬೆನ್ನಿಗೆ ಮಂಜುಗಾಳಿ ಹೊಡೀತಿತ್ತು," ಇರ್ಮಾ ಅಜ್ಜಿ ಹೇಳಿದಳು. "ಎಲ್ದಾ ಚಿನ್ನದಂಥ ಹೆಂಗಸು. ಅಳತೆ ತಗೊಂಡು ಹೆಣೆದು ಕೊಟ್ಟಳು. ಕೈ ಬೆರಳಿಟ್ಟು ನೋಡಿ, ಒಂಚೂರು ಗಾಳಿ ಬರಲ್ಲ."

ಬಗ್ಗಿ ಕಿತ್ತು ತೆಗೆದೆ. ಅದು ಗಾಳಿ ಬರಲೆಂದೇ ಇರುವ ತೂತು, ಮುಚ್ಚಿದರೆ ಒಲೆಗೆ ಉಸಿರಿಲ್ಲ, ಅರ್ಧ ಸುಟ್ಟ ಪೆಲೆಟ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ಬಂದು ನಿದ್ದೆ ಹತ್ತುತ್ತದೆ, ಆಮೇಲೆ ಏಳುವುದೇ ಇಲ್ಲ — ಒಂದೇ ಉಸಿರಿಗೆ ಹೇಳಿದೆ. ಆ ವಿಷಗಾಳಿ ಪತ್ತೆಹಚ್ಚುವ ಅಲಾರಂ ಇದೆಯಾ ಎಂದೆ. ಇಲ್ಲ.

ಒರೆಸ್ತೆ ನಗಲಿಲ್ಲ ಈ ಸಲ. ಉಣ್ಣೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. "ಇದನ್ನ ಅವಳು ಕೈಯಾರೆ ಮಾಡಿದ್ದು, ಅಲ್ವೀಸೆ. ಹೀಗೆ ಎಳೀಬೇಡಿ."

ಅವನು ನನಗೆ ಹೇಳಿಕೊಡುತ್ತಾನೆ, ನನ್ನ ಹೆಂಡತಿ ಹೆಣೆದದ್ದನ್ನು ಹೇಗೆ ಹಿಡಿಯಬೇಕೆಂದು.

ಮನೆಗೆ ಬಂದ ಮೇಲೆ ಎಲ್ದಾ: "ಇನ್ನು ಕೆಳಗೆ ಬರಬೇಡ. ಅವಮಾನ ಮಾಡ್ತೀಯ."

"ತೂತು ಮುಚ್ಚಬೇಡಿ, ಅಷ್ಟೇ ನಾನು ಕೇಳ್ತಿರೋದು."

"ಅಷ್ಟೇ ಅಲ್ಲ ನೀನು ಕೇಳ್ತಿರೋದು."

ಇನ್ನು ಅವನ ಹೊಸ್ತಿಲು ತುಳಿಯುವುದಿಲ್ಲ. ಶುಕ್ರವಾರ ಪಟ್ಟಣಕ್ಕೆ ಹೋಗಿ ಒಂದು ಅಲಾರಂ ತಂದೆ. ಎಲ್ದಾಳ ಚೀಲದಲ್ಲಿಟ್ಟೆ. ಮಾರನೇ ದಿನ ನನ್ನ ಮೇಜಿನ ಮೇಲೆ ಬಂದು ಕೂತಿತ್ತು, ಪೆಟ್ಟಿಗೆ ಕೂಡ ಬಿಚ್ಚದೆ.

5 ಫೆಬ್ರವರಿ, ಆಸ್ಪತ್ರೆಯ ಕಾರಿಡಾರ್

ಬರೆಯಲೇಬೇಕು, ಇಲ್ಲದಿದ್ದರೆ ನಾಳೆ ಬೇರೆಯವರು ಬೇರೆ ಥರ ಹೇಳುತ್ತಾರೆ.

ಭಾನುವಾರ ಮಧ್ಯಾಹ್ನ. ಮೂರು ದಿನದ ಹಿಮ. ಎಲ್ದಾ ಕೆಳಗೆ. ನಾನು ಓದುವ ಕೋಣೆಯಲ್ಲಿ. ಅವರ ನಗು ನೆಲದೊಳಗಿಂದ ಬರುತ್ತಿತ್ತು, ಪುಟ ತಿರುವುತ್ತಿದ್ದೆ, ಒಂದಕ್ಷರ ಓದಲಿಲ್ಲ. ದೀಪ ಹೋಯಿತು. ಎಲ್ಲೋ ತಂತಿಯ ಮೇಲೆ ಹಿಮ ಬಿದ್ದಿರಬೇಕು. ಕೆಳಗೆ "ಓಓ" ಎಂದು ಕೂಗಿ ಮತ್ತೆ ನಕ್ಕರು. ಮೇಣದ ಬತ್ತಿ ಹಚ್ಚಿರಬೇಕು. ಅದೂ ಒಂದು ಸಂಭ್ರಮ.

ಗಾಳಿಗೆಂದು ಕಿಟಕಿ ತೆರೆದೆ. ಹೊಗೆ ಬರಲಿಲ್ಲ. ಎರಡೂವರೆ ತಿಂಗಳಲ್ಲಿ ಮೊದಲ ಸಲ ಶುದ್ಧ ಗಾಳಿ. ಖುಷಿಯಾಯಿತು. ನಿಂತು ಉಸಿರೆಳೆದುಕೊಂಡೆ.

ಆಮೇಲೆ ಹೊಳೆಯಿತು. ಹೊಗೆಯನ್ನು ಹೊರಗೆ ತಳ್ಳುತ್ತಿದ್ದದ್ದು ಫ್ಯಾನು. ಕರೆಂಟಿಲ್ಲ. ಫ್ಯಾನಿಲ್ಲ. ಕೊಳವೆ ಸೂರಿನವರೆಗೆ ಇದ್ದಿದ್ದರೆ ಹೊಗೆ ತಾನಾಗಿ ಮೇಲೇರುತ್ತಿತ್ತು. ಗೋಡೆಯಲ್ಲಿ ಅಡ್ಡ ಮಲಗಿದ ಕೊಳವೆಯಲ್ಲಿ ಏರುವುದೆಲ್ಲಿಗೆ? ಬಟ್ಟಲಲ್ಲಿ ಪೆಲೆಟ್ ಇನ್ನೂ ಕೆಂಡವಾಗಿ ಬೇಯುತ್ತಿದೆ. ಇಲ್ಲಿಗೆ ಬರದ ಹೊಗೆ ಎಲ್ಲಿ ಹೋಗುತ್ತಿದೆ?

ನಗು ನಿಂತಿತ್ತು.

ಕೆಳಗೆ ಓಡಿದೆ. ಬಾಗಿಲು ಬಡಿದೆ. ತೆರೆಯಿರಿ, ಹೊರಗೆ ಬನ್ನಿ, ಕಿಟಕಿ ತೆರೆಯಿರಿ. ಕುರ್ಚಿಯ ಸದ್ದು. ಆಮೇಲೆ ಒಳಗಿನಿಂದ, ಬಾಗಿಲಿಗೆ ಹತ್ತಿರದಲ್ಲೇ, ಒಂದು ದನಿ, ನಿದ್ದೆಗಣ್ಣಿನದು, ನಾಲಿಗೆ ಭಾರವಾದದ್ದು:

"ತೆಗೀಬೇಡಿ. ಸ್ವಲ್ಪ ಹೊತ್ತು ಬಡಿದು ಹೋಗ್ತಾನೆ."

ಹೆಣ್ಣು ದನಿ. ಒಳಗೆ ಇದ್ದದ್ದು ಇಬ್ಬರು ಹೆಂಗಸರು.

ಅಂಗಳಕ್ಕೆ ಹೋಗಿ ಹಿಮ ಗೋರುವ ಸಲಿಕೆಯಿಂದ ಕಿಟಕಿಯ ಗಾಜು ಒಡೆದೆ. ಒಳಗೆ ಹತ್ತಿದೆ. ಹೊಗೆ ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ, ಮೇಣದ ಬತ್ತಿ ಚೆನ್ನಾಗಿಯೇ ಉರಿಯುತ್ತಿತ್ತು. ಗೋಡೆಯ ತೂತಿನಲ್ಲಿ ಆ ಉಣ್ಣೆ ಮತ್ತೆ. ಇರ್ಮಾ ಅಜ್ಜಿ ಮೇಜಿನ ಮೇಲೆ ತಲೆಯಿಟ್ಟು, ಕೈಯಲ್ಲಿ ಇನ್ನೂ ಇಸ್ಪೀಟು. ಎಲ್ದಾ ಬಾಗಿಲ ಪಕ್ಕದ ಬೆಂಚಿನಲ್ಲಿ, ಒರೆಸ್ತೆಯ ಭುಜಕ್ಕೆ ಒರಗಿ. ಅವನ ಕೆನ್ನೆ ಅವಳ ಕೂದಲಿನ ಮೇಲೆ. ಇಬ್ಬರ ಮುಖವೂ ಎಳೆಯರ ಹಾಗೆ ಕೆಂಪಗೆ. ಒಂದು ಕ್ಷಣ ನಿಂತು ನೋಡಿದೆ. ಆ ಕೆಂಪು ವಿಷದ್ದೆಂದು ಓದಿದ್ದೆ, ನೆನಪಿತ್ತು. ಆದರೂ ನೋಡಿದೆ.

ಬಾಗಿಲು ತೆರೆದು ಮೊದಲು ಎಲ್ದಾಳನ್ನು ಎಳೆದೆ. ಆಮೇಲೆ ಅಜ್ಜಿಯನ್ನು. ಕೊನೆಗೆ ಅವನನ್ನು. ಭಾರದ ಮನುಷ್ಯ. ಹಿಮದ ಮೇಲೆ ಮೂವರನ್ನೂ ಸಾಲಾಗಿ ಮಲಗಿಸಿದೆ, ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವವರೆಗೆ ಎಲ್ದಾಳ ಕೈ ಉಜ್ಜುತ್ತಿದ್ದೆ.

ಬಯಲಿನ ದೊಡ್ಡ ಆಸ್ಪತ್ರೆಯಲ್ಲಿ ಒತ್ತಡದ ಆಮ್ಲಜನಕದ ಕೋಣೆಯಿದೆ. ಮೂವರನ್ನೂ ಅದರಲ್ಲಿ ಕೂರಿಸಿದರು. ಬದುಕುತ್ತಾರಂತೆ. ಇರ್ಮಾ ಅಜ್ಜಿ ನರ್ಸ್‌ಗೆ ಕೇಳಿದಳಂತೆ, "ನನ್ನ ಹತ್ರ ಒಳ್ಳೆ ಎಲೆ ಇತ್ತು, ಯಾರು ತಗೊಂಡ್ರಿ?"

ಎಲ್ದಾ ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ಒರೆಸ್ತೆ?" ಎಂದಳು.

"ಬದುಕಿದ್ದಾನೆ."

ಮತ್ತೆ ಕಣ್ಣು ಮುಚ್ಚಿದಳು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ. ಎರಡನ್ನೂ ಬರೆಯುತ್ತೇನೆ.

12 ಫೆಬ್ರವರಿ

ಎಲ್ದಾಳನ್ನು ಮನೆಗೆ ಕರೆತಂದೆ. ತಲೆ ಸುತ್ತುತ್ತದೆ, ಹೆಸರುಗಳು ತಪ್ಪುತ್ತವೆ. ವೈದ್ಯರು ಕಾಯಿರಿ ಅಂದರು.

ಮೆಟ್ಟಿಲ ಬುಡದಲ್ಲಿ ಬರ್ತೋಲ್ದಿಯವರ ನೋಟಿಸು. "ನಿವಾಸಿಯೊಬ್ಬರು ಗಾಳಿಯ ಕಿಂಡಿಗೆ ಉಣ್ಣೆಯ ವಸ್ತು ತುರುಕಿದ್ದರಿಂದ ಅವಘಡ." ಕೊಳವೆಯ ಬಗ್ಗೆ ಒಂದು ಮಾತಿಲ್ಲ. ಕಟ್ಟಡಕ್ಕೆಲ್ಲ ಗೊತ್ತು ಹೆಣೆದದ್ದು ಯಾರೆಂದು. ಎಲ್ದಾ ರೇಲಿಂಗು ಹಿಡಿದು ನಿಂತು ಅದನ್ನು ಪೂರ್ತಿ ಓದಿದಳು.

ಒಲೆಗೆ ಸೀಲ್ ಹಾಕಿದ ಅಗ್ನಿಶಾಮಕ ದಳದವರನ್ನು ನಾನೇ ಕೇಳಿದ್ದೆ. ಕಿಂಡಿ ಮುಚ್ಚಿದ್ದು ತಪ್ಪು, ಕಿಟ್ಟ ಕೆರೆಯದ್ದು ತಪ್ಪು, ಆದರೆ ಆ ಕೊಳವೆ ಅಲ್ಲಿರಲೇಬಾರದಿತ್ತು ಅಂದರು. ನೋಟಿಸಿನ ಕೆಳಗೆ ಇಷ್ಟನ್ನೂ ಬರೆದು ಸಹಿ ಹಾಕಿದೆ. ಸಂಜೆಗೆ ನೋಟಿಸೇ ಇರಲಿಲ್ಲ.

ಶನಿವಾರ ಸಭೆ.

16 ಫೆಬ್ರವರಿ, ಶನಿವಾರ, ಸಭೆಗೆ ಮುಂಚೆ

ಒರೆಸ್ತೆ ಬಂದಿದ್ದ. ಮೊದಲ ಸಲ ನಮ್ಮ ಒಲೆಯ ಮುಂದೆ ಕೂತ. ಜೋಕಿಲ್ಲ.

"ನಿಮಗೆ ಹೇಗೆ ಹೇಳ್ಬೇಕೋ ಗೊತ್ತಿಲ್ಲ, ಅಲ್ವೀಸೆ. ಮೊದಲು ಅವಳನ್ನ ಎಳೆದು ಹಾಕಿದಿರಂತೆ. ಸರಿಯಾಗೇ ಮಾಡಿದಿರಿ."

ಅವನ ಒಪ್ಪಿಗೆ ನನಗೆ ಬೇಕಿರಲಿಲ್ಲ. ಕಾಫಿ ಕೊಟ್ಟೆ.

ಅವನು ಹೋದ ಮೇಲೆ ಎಲ್ದಾ ಹೇಳಿದಳು, "ಇವತ್ತು ಹೋಗಬೇಡ. ನೀನು ಗೆದ್ದಾಯ್ತು. ನನ್ನ ಉಣ್ಣೇನೇ ಕಾರಣ ಅಂದ್ಕೊಳ್ಳಲಿ. ನನಗೇನೂ ಆಗಲ್ಲ."

"ನನಗಾಗುತ್ತೆ."

ಇಲ್ಲ, ಹೋಗುತ್ತೇನೆ. ಅವಳ ಹೆಸರಿನ ಹಿಂದೆ ಅವರು ತಮ್ಮ ಸಹಿಯನ್ನು ಬಚ್ಚಿಡಲು ಬಿಡುವುದಿಲ್ಲ. ಎದ್ದು ನಿಂತು ಕೇಳುವುದು ಇದು, ಉತ್ತರ ಎಲ್ಲರೆದುರು, ಗಟ್ಟಿಯಾಗಿ, ನಡಾವಳಿಯಲ್ಲಿ ಬರೆಯುವಂತೆ:

ಬರ್ತೋಲ್ದಿಯವರೇ, ಗೋಡೆ ಕೊರೆಯಲು ಹೇಳಿದವರು ಯಾರು? ಸರ್ಟಿಫಿಕೇಟ್ ಎಲ್ಲಿ? ನವೆಂಬರ್ ಹತ್ತರಂದು ನಾನು ಹೇಳಿದ ಮಾತನ್ನು ಬರೆಯದೆ ಬಿಟ್ಟದ್ದೇಕೆ? ಕೈ ಎತ್ತಿದವರೆಲ್ಲ ಇವತ್ತು ಮತ್ತೆ ಎತ್ತಿ ತೋರಿಸಲಿ. ಹಾಗೆಯೇ, ಆ ಭಾನುವಾರ ನಾನು ಬಡಿಯುತ್ತಿದ್ದಾಗ ಬಾಗಿಲ ಪಕ್ಕದಲ್ಲೇ ಕೂತು "ತೆಗೀಬೇಡಿ" ಎಂದವರು ಎದ್ದು ನಿಂತು, ವಿಷ ತಲೆಗೇರಿ ಹಾಗೆ ಹೇಳಿದ್ದೋ, ಇಲ್ಲ ಬೇಕೆಂದೇ —